ಗುಳುಮುಳುಕ: ಹೈದರಾಬಾದಿನ ಕೆರೆಕುಂಟೆಗಳ ಮುಳುಗುಹಕ್ಕಿ

ಗುಳುಮುಳುಕ ಸಿಹಿನೀರಿನ ಕೆರೆ, ಕುಂಟೆ, ಹೊಂಡಗಳಲ್ಲಿ ಬಾಳುವ ಪುಟ್ಟ ಈಜುಹಕ್ಕಿ. ಹೊಟ್ಟೆಪಾಡಿಗೂ ಜೀವ ಉಳಿಸಿಕೊಳ್ಳುವುದಕ್ಕೂ ಅದು ನಂಬಿರುವುದು ಮುಳುಗನ್ನೇ. ಪಾಡಿಸಿಪೆಡಿಡೇ ಕುಟುಂಬಕ್ಕೆ ಸೇರಿದ ಇದರ ಶಾಸ್ತ್ರೀಯ ಹೆಸರು ಟ್ಯಾಕಿಬ್ಯಾಪ್ಟಸ್ ರೂಫಿಕೊಲಿಸ್. ನಿಸರ್ಗ ವಿಜ್ಞಾನಿ ಪೀಟರ್ ಸೈಮನ್ ಪಲ್ಲಾಸ್ 1764ರಲ್ಲಿ ಇದನ್ನು ಮೊದಲು ವರ್ಣಿಸಿದ. ಹಳೆಯ ಪುಸ್ತಕಗಳಲ್ಲಿ ಹುಡುಕುವವರು ಪಾಡಿಸೆಪ್ಸ್ ರೂಫಿಕೊಲಿಸ್ ಎಂಬ ಹೆಸರಿನಡಿ ನೋಡಬೇಕು. ಯೂರೋಪು, ಆಫ್ರಿಕಗಳಿಂದ ಹಿಡಿದು ಜಪಾನ್, ಇಂಡೊನೇಷ್ಯದವರೆಗೆ ಹಬ್ಬಿರುವ ಹಕ್ಕಿ ಇದು. ಭಾರತದಲ್ಲಿರುವುದು ಕೇಪೆನ್ಸಿಸ್ ಎಂಬ ಉಪಜಾತಿ. ದೇಶದ ಬಹುಪಾಲು ಎಲ್ಲ ಕಡೆ ಕಾಣುವ, ವರ್ಷವಿಡೀ ಇಲ್ಲೇ ಇರುವ ಹಕ್ಕಿಯಾದ್ದರಿಂದ ಅಪರೂಪದ ವಲಸೆ ಹಕ್ಕಿಗಳಿಗೆ ಸಿಗುವ ಮರ್ಯಾದೆ ಇದಕ್ಕೆ ಸಿಕ್ಕಿಲ್ಲ. ಆದರೆ ಹೈದರಾಬಾದಿನಂಥ ಊರಿನ ಕೆರೆಗಳ ಸ್ಥಿತಿ ತಿಳಿಯಬೇಕಾದರೆ ಚಳಿಗಾಲದ ನಾಲ್ಕು ತಿಂಗಳಿಗೆ ಬಂದುಹೋಗುವ ಅತಿಥಿಗಳಿಗಿಂತ ಹನ್ನೆರಡು ತಿಂಗಳೂ ಇಲ್ಲೇ ಸಂಸಾರ ಮಾಡುವ ಇದನ್ನು ಗಮನಿಸುವುದೇ ವಾಸಿ.

ರೂಪ

ಉದ್ದ 25ರಿಂದ 29 ಸೆಂ.ಮೀ. ತೂಕ ಹೆಚ್ಚೆಂದರೆ 200 ಗ್ರಾಂ ಆಸುಪಾಸು. ಗುಂಡಗಿನ ಮೈ, ಸಣ್ಣ ಕತ್ತು, ನೆಟ್ಟಗಿನ ಚೂಪು ಕೊಕ್ಕು. ಬಾಲವೆನ್ನುವುದು ಇಲ್ಲವೆನ್ನುವಷ್ಟು ಮೊಟಕು. ಹಿಂಬದಿಯಲ್ಲಿ ಮಾಸಲು ಬಿಳಿಯ ತುಪ್ಪುಳ ಉಬ್ಬಿಕೊಂಡಿರುವುದರಿಂದ ಹಿಂದಿನಿಂದ ನೋಡಿದವರಿಗೆ ಬೊಗಸೆಯಷ್ಟು ಹತ್ತಿ ತೇಲುತ್ತಿರುವಂತೆ ಕಾಣುತ್ತದೆ. ಗಂಡು ಹೆಣ್ಣುಗಳಲ್ಲಿ ಬಣ್ಣದ ವ್ಯತ್ಯಾಸವಿಲ್ಲ.

ಆದರೆ ಕಾಲಕ್ಕೆ ತಕ್ಕಂತೆ ಬಣ್ಣ ಬದಲಾಗುತ್ತದೆ. ಮರಿ ಮಾಡುವ ಕಾಲದಲ್ಲಿ ಕೆನ್ನೆ, ಗಂಟಲು, ಕತ್ತಿನ ಮುಂಭಾಗವೆಲ್ಲ ಕಡು ಕೆಂಗಂದು. ನೆತ್ತಿ, ಬೆನ್ನು ಕಪ್ಪಿಗೆ ಹತ್ತಿರದ ಕಂದು. ಕೊಕ್ಕು ಕಪ್ಪು, ತುದಿ ಮಾತ್ರ ಬಿಳಚು. ಕೊಕ್ಕಿನ ಬುಡದಲ್ಲಿ, ಬಾಯಿ ಸೀಳಿದಲ್ಲಿ, ತಿಳಿ ಹಳದಿಯ ಒಂದು ಬೊಟ್ಟು ಎದ್ದು ಕಾಣುತ್ತದೆ. ಬೆಳಕು ಸರಿಯಿಲ್ಲದಾಗ ದೂರದಿಂದ ಹಕ್ಕಿಯನ್ನು ಗುರುತಿಸಲು ಈ ಬೊಟ್ಟೊಂದೇ ಸಾಕು. ಮರಿ ಮಾಡುವ ಕಾಲ ಕಳೆದ ಮೇಲೆ ಕೆಂಪೆಲ್ಲ ಹೋಗಿ ಮಣ್ಣುಗಂದು ಮೈ, ಬೆಳ್ಳನೆ ಗಂಟಲು ಉಳಿಯುತ್ತದೆ. ಹಳದಿ ಬೊಟ್ಟೂ ಮಂಕಾಗುತ್ತದೆ. ಹೊಸಬರು ಇದನ್ನು ಬಾತುಮರಿ ಎಂದು ತಿಳಿಯುವುದು ಈ ಸಮಯದಲ್ಲೇ. ಬಾತಿನ ಕೊಕ್ಕು ಚಪ್ಪಟೆ, ಇದರದು ಚೂಪು ಎಂಬುದನ್ನು ನೆನಪಿಟ್ಟರೆ ಗೊಂದಲವಿರದು.

ಮುಳುಗುವ ಬಗೆ

ನೀರಿಗೆ ಇಳಿದು ಬೇಟೆಯಾಡುವ ಹಕ್ಕಿಗಳೆಲ್ಲ ಒಂದೇ ಬಗೆಯಲ್ಲಿ ಇಳಿಯುವುದಿಲ್ಲ. ಮಿಂಚುಳ್ಳಿ ಮೇಲಿನಿಂದ ಬಿದ್ದು, ಹೆಚ್ಚೆಂದರೆ ಒಂದೆರಡು ಗೇಣು ಒಳಹೊಕ್ಕು, ಮೀನು ಕಚ್ಚಿ ಹಾರಿಬಿಡುತ್ತದೆ. ನೀರುಕಾಗೆ, ಹಾವಕ್ಕಿಗಳು ಈಜುತ್ತಲೇ ಮುಳುಗುತ್ತವೆ. ಆದರೆ ಅವುಗಳ ಹೊರಗರಿ ನೀರು ಹೀರುವುದರಿಂದ ಮೇಲೆ ಬಂದ ಮೇಲೆ ಬಂಡೆಯ ಮೇಲೋ ಒಣಮರದ ಮೇಲೋ ರೆಕ್ಕೆ ಹರಡಿ ಕೂರಬೇಕು. ಗುಳುಮುಳುಕಕ್ಕೆ ಈ ಗೋಜಿಲ್ಲ. ಒತ್ತೊತ್ತಾಗಿ ಹೆಣೆದ ಅದರ ಗರಿಹೊದಿಕೆಗೆ ನೀರು ಹತ್ತುವುದಿಲ್ಲ. ಒಮ್ಮೆ ಮುಳುಗಿ ಎದ್ದು, ಉಸಿರೆಳೆದು, ಮತ್ತೆ ಮುಳುಗುತ್ತದೆ. ಬೆಳಗಿನ ಹೊತ್ತು ಹೀಗೆಯೇ ಗಂಟೆಗಟ್ಟಲೆ ಸಾಗುತ್ತದೆ.

ನೀರಿನ ಮೇಲೆ ಹಗುರವಾಗಿ ತೇಲುವ ಹಕ್ಕಿ ಅದೇ ನೀರಿನಲ್ಲಿ ಮುಳುಗುವುದಾದರೂ ಹೇಗೆ? ಉತ್ತರ ಗಾಳಿಯಲ್ಲಿದೆ. ಗರಿಗಳ ಸಂದಿಯಲ್ಲಿ ಸಿಕ್ಕಿಕೊಂಡಿರುವ ಗಾಳಿಯನ್ನು ಗರಿಗಳನ್ನು ಮೈಗೆ ಒತ್ತಿಕೊಂಡು ಹೊರಹಾಕುತ್ತದೆ. ಮೈಯೊಳಗಿನ ಗಾಳಿಚೀಲಗಳನ್ನೂ ಕುಗ್ಗಿಸುತ್ತದೆ. ಆಗ ತೇಲುವ ಗುಣ ಕಡಿಮೆಯಾಗಿ ದೇಹ ನೀರಿನಲ್ಲಿ ತಗ್ಗುತ್ತದೆ. ಈ ವಿದ್ಯೆಯಲ್ಲಿ ಎರಡು ಬಗೆಗಳನ್ನು ಕಣ್ಣಾರೆ ನೋಡಬಹುದು. ಆಹಾರ ಹುಡುಕುವಾಗ ಎದೆಯೆತ್ತಿ, ಸಣ್ಣದಾಗಿ ಜಿಗಿದು, ತಲೆ ಮುಂದಾಗಿ ನೀರಿಗೆ ನುಗ್ಗುತ್ತದೆ. ಗುಳುಕ್ ಎಂಬ ಸದ್ದು ದಡಕ್ಕೂ ಕೇಳಿಸುತ್ತದೆ. ಹೆದರಿದಾಗ ಹಾಗಲ್ಲ. ಅಲೆಯೂ ಏಳದಂತೆ ಇದ್ದ ಜಾಗದಲ್ಲೇ ಕೆಳಗಿಳಿಯುತ್ತದೆ. ಬೆನ್ನು, ಕತ್ತು ಒಂದೊಂದಾಗಿ ಮರೆಯಾಗುತ್ತವೆ. ಎಷ್ಟೋ ಸಲ ಜೊಂಡಿನ ನಡುವೆ ಕೊಕ್ಕು ಮತ್ತು ಕಣ್ಣನ್ನಷ್ಟೇ ಹೊರಗಿಟ್ಟು ಅಪಾಯ ಸರಿಯುವವರೆಗೂ ಹಾಗೆಯೇ ನಿಂತಿರುತ್ತದೆ.

ನೀರೊಳಗೆ ರೆಕ್ಕೆಗೆ ಕೆಲಸವಿಲ್ಲ. ಅವನ್ನು ಮೈಗೆ ಅಂಟಿಸಿಕೊಂಡು ಕಾಲಿನಿಂದಲೇ ಮುಂದೊತ್ತುತ್ತದೆ. ಕಾಲುಗಳು ಇರುವುದು ದೇಹದ ತೀರಾ ಹಿಂತುದಿಯಲ್ಲಿ. ಬಾತಿನಂತೆ ಬೆರಳುಗಳ ನಡುವೆ ಜಾಲಪೊರೆ ಇಲ್ಲ. ಮುಂದಿನ ಮೂರು ಬೆರಳುಗಳಲ್ಲಿ ಒಂದೊಂದಕ್ಕೂ ಪ್ರತ್ಯೇಕವಾದ ಅಗಲ ಪಟ್ಟಿಗಳಿವೆ. ಉಗುರು ಕೂಡ ಚಪ್ಪಟೆ. ಕಾಲಿನ ಕಂಬ ಪಕ್ಕದಿಂದ ಒತ್ತಿದಂತೆ ತೆಳ್ಳಗಿರುವುದರಿಂದ ನೀರನ್ನು ಸೀಳಿಕೊಂಡು ಚಲಿಸುತ್ತದೆ. ಹಿಂದಕ್ಕೆ ಒದೆಯುವಾಗ ಪಟ್ಟಿಗಳು ಅಗಲವಾಗಿ ಬಿಚ್ಚಿಕೊಳ್ಳುತ್ತವೆ, ಮುಂದಕ್ಕೆ ಎಳೆದುಕೊಳ್ಳುವಾಗ ಮಡಚಿಕೊಳ್ಳುತ್ತವೆ. ಇದೇ ಕುಟುಂಬದ ದೊಡ್ಡ ಹಕ್ಕಿಯೊಂದರ ಈಜನ್ನು ಕ್ಯಾಮೆರಾದಲ್ಲಿ ಹಿಡಿದು ಪರೀಕ್ಷಿಸಿದ ಸಂಶೋಧಕರಿಗೆ ಈ ಪಾದಗಳು ದೋಣಿಯ ಹುಟ್ಟಿನಂತೆ ನೀರನ್ನು ಬರೇ ಹಿಂದಕ್ಕೆ ತಳ್ಳುವುದಿಲ್ಲ, ಹಡಗಿನ ತಿರುಗುರೆಕ್ಕೆಯ ತತ್ತ್ವದಲ್ಲಿ ಓರೆಯಾಗಿ ಬೀಸಿ ಒತ್ತಡ ಹುಟ್ಟಿಸುತ್ತವೆ ಎಂಬುದು ಕಂಡುಬಂತು. ಅಗಲ ಪಟ್ಟಿಗಳ ಗುಟ್ಟು ಅದು.

ಒಂದು ಮುಳುಗು ಸಾಮಾನ್ಯವಾಗಿ 10ರಿಂದ 25 ಸೆಕೆಂಡು. ಆಳ ಒಂದೆರಡು ಮೀಟರು. ಅಂದರೆ ತೀರಾ ಆಳವಾದ ಜಲಾಶಯದ ನಡುನೀರು ಈ ಹಕ್ಕಿಗೆ ಹೆಚ್ಚು ಉಪಯೋಗಕ್ಕೆ ಬಾರದು. ಅದಕ್ಕೆ ಬೇಕಾದ್ದು ತಳದಲ್ಲಿ ಸಸ್ಯ ಬೆಳೆಯುವಷ್ಟು ಬೆಳಕು ಇಳಿಯುವ ಆಳವಿಲ್ಲದ ನೀರು. ಈ ಮಾತು ಮುಂದೆ ಹೈದರಾಬಾದಿನ ಕೆರೆಗಳ ವಿಚಾರಕ್ಕೆ ಬಂದಾಗ ಮುಖ್ಯವಾಗುತ್ತದೆ.

ನೀರಿನಲ್ಲಿ ಇಷ್ಟು ಚುರುಕಾದ ಹಕ್ಕಿ ನೆಲದ ಮೇಲೆ ನಿಸ್ಸಹಾಯಕ. ಕಾಲು ಹಿಂದಿರುವುದರಿಂದ ನೆಟ್ಟಗೆ ನಿಲ್ಲಲು ಹೆಣಗಬೇಕು. ನಾಲ್ಕು ಹೆಜ್ಜೆ ಇಟ್ಟರೆ ಎದೆ ಊರಿ ಕೂತುಬಿಡುತ್ತದೆ. ಗಟ್ಟಿ ನೆಲದಿಂದ ಹಾರಿ ಏಳಲು ಆಗುವುದಿಲ್ಲ. ಹಾರಬೇಕಾದರೆ ನೀರಿನ ಮೇಲೆ ಪಟಪಟ ಓಡಿ ವೇಗ ಗಳಿಸಬೇಕು. ಹಗಲಿನಲ್ಲಿ ನಾವು ನೋಡುವುದು ಹೆಚ್ಚಾಗಿ ಇಂಥ ಅರೆಹಾರಾಟವನ್ನೇ, ಅದೂ ಒಂದು ಇನ್ನೊಂದನ್ನು ಅಟ್ಟಿಸಿಕೊಂಡು ಹೋಗುವಾಗ.

ನೆಂಟರು

ಕಾಲಿನ ಹೋಲಿಕೆ ನೋಡಿ ಹಿಂದಿನವರು ಗುಳುಮುಳುಕಗಳನ್ನು ಉತ್ತರದ ಶೀತದೇಶಗಳ ಲೂನ್ ಹಕ್ಕಿಗಳ ಹತ್ತಿರದ ಸಂಬಂಧಿಗಳೆಂದು ಭಾವಿಸಿದ್ದರು. ಡಿಎನ್‌ಎ ಬೇರೆಯೇ ಹೇಳಿತು. 2001ರಲ್ಲಿ ಪ್ರಕಟವಾದ ಅಧ್ಯಯನವೊಂದು ಇವುಗಳ ಅತಿ ಹತ್ತಿರದ ಸಂಬಂಧಿ ರಾಜಹಂಸ ಎಂದಾಗ ಹುಬ್ಬೇರಿಸದವರು ಕಡಿಮೆ. ಮುಂದಿನ ಜೀನೋಮ್ ಅಧ್ಯಯನಗಳೂ ಅದನ್ನೇ ಎತ್ತಿಹಿಡಿದಿವೆ. ಒಂದು ಉದ್ದ ಕಾಲೂರಿ ಕೆಸರು ಸೋಸುವ ಗುಲಾಬಿ ಹಕ್ಕಿ, ಇನ್ನೊಂದು ಗಿಡ್ಡ ಕಾಲಿನ ಮುಳುಕ. ನೀರು ಇಳಿದ ಚಳಿಗಾಲದಲ್ಲಿ ಹೈದರಾಬಾದಿನ ಅಂಚಿನ ಅಮೀನ್‌ಪುರ ಕೆರೆಗೆ ರಾಜಹಂಸಗಳು ಬಂದಾಗ ಕ್ಯಾಮೆರಾಗಳೆಲ್ಲ ಅವುಗಳತ್ತ ತಿರುಗುತ್ತವೆ. ಅವುಗಳ ಕಾಲಸಂದಿಯ ಆಚೆ ಮುಳುಗೇಳುತ್ತಿರುವ ಬಡನೆಂಟನನ್ನು ಕೇಳುವವರಿಲ್ಲ.

ಜಗತ್ತಿನಲ್ಲಿ ಈ ಕುಟುಂಬದ ಜಾತಿಗಳು ಇಪ್ಪತ್ತರ ಆಸುಪಾಸು. ಭಾರತದಲ್ಲಿ ವರ್ಷವಿಡೀ ಎಲ್ಲೆಡೆ ಸಿಗುವುದು ಈ ಪುಟ್ಟ ಗುಳುಮುಳುಕ ಒಂದೇ. ಜುಟ್ಟಿನ ದೊಡ್ಡ ಗುಳುಮುಳುಕ ದಕ್ಷಿಣಕ್ಕೆ ಅಪರೂಪದ ಚಳಿಗಾಲದ ಅತಿಥಿ. ಅದರ ಪ್ರಣಯನೃತ್ಯದ ಬಗ್ಗೆ ಜೂಲಿಯನ್ ಹಕ್ಸ್ಲಿ 1914ರಲ್ಲಿ ಬರೆದ ಪ್ರಬಂಧ ಪ್ರಾಣಿವರ್ತನೆಯ ಅಧ್ಯಯನದಲ್ಲಿ ಮೈಲಿಗಲ್ಲು ಎನಿಸಿಕೊಂಡಿದೆ. ನಮ್ಮ ಪುಟ್ಟ ಹಕ್ಕಿಗೆ ಅಂಥ ಕುಣಿತ ಗೊತ್ತಿಲ್ಲ. ಅದು ಕೂಗಿನಲ್ಲೇ ಎಲ್ಲ ತೀರಿಸಿಕೊಳ್ಳುತ್ತದೆ.

ಆಂಡಿಸ್ ಪರ್ವತದ ಟಿಟಿಕಾಕಾ ಮತ್ತು ಜುನಿನ್ ಸರೋವರಗಳಲ್ಲಿ ಹಾರಲು ಬಾರದ ಎರಡು ಗುಳುಮುಳುಕ ಜಾತಿಗಳಿವೆ. ಆ ಸರೋವರಗಳು ಬತ್ತುವುದಿಲ್ಲ, ಆದ್ದರಿಂದ ಹಾರುವ ಅಗತ್ಯವೂ ಬೀಳಲಿಲ್ಲ. ದಖನ್ನಿನ ಗುಳುಮುಳುಕಕ್ಕೆ ಆ ಭಾಗ್ಯವಿಲ್ಲ. ಇಲ್ಲಿನ ಕುಂಟೆಗಳು ಯುಗಾದಿಯ ಹೊತ್ತಿಗೆ ತಳ ಕಾಣುತ್ತವೆ. ಹಾರಲು ಬಾರದಿದ್ದರೆ ಇಲ್ಲಿ ಒಂದು ಬೇಸಿಗೆಯನ್ನೂ ದಾಟಲಾಗದು.

ಹೈದರಾಬಾದಿನ ನೆಲೆ

ಹೈದರಾಬಾದು ನಿಂತಿರುವುದು ಗ್ರಾನೈಟ್ ಬಂಡೆಗಳ ಪ್ರಸ್ಥಭೂಮಿಯ ಮೇಲೆ. ಇಲ್ಲಿ ಹೇಳಿಕೊಳ್ಳುವಂಥ ಸಹಜ ಸರೋವರಗಳಿಲ್ಲ. ಈ ಹಕ್ಕಿ ಈಜುವ ನೀರೆಲ್ಲ ಯಾರೋ ಕಟ್ಟೆ ಕಟ್ಟಿ ನಿಲ್ಲಿಸಿದ್ದು. ತೆಲಂಗಾಣದಲ್ಲಿ ಕಾಕತೀಯರ ಕಾಲದಿಂದಲೂ ಕೆರೆ ಕಟ್ಟುವುದು ಆಳುವವರ ಕರ್ತವ್ಯ. ಇಳಿಜಾರಿನುದ್ದಕ್ಕೂ ಒಂದರ ಕೆಳಗೊಂದು ಕೆರೆ. ಮೇಲಿನದು ತುಂಬಿ ಕೋಡಿ ಬಿದ್ದರೆ ನೀರು ಕೆಳಗಿನದಕ್ಕೆ. ತೆಲುಗರು ಇವನ್ನು ಗೊಲುಸುಕಟ್ಟು ಚೆರುವುಗಳು ಎನ್ನುತ್ತಾರೆ. ಕುತುಬ್‌ಶಾಹಿಗಳು ಆ ಪರಂಪರೆಯನ್ನೇ ಮುಂದುವರಿಸಿದರು. ಇಬ್ರಾಹಿಂ ಕುಲಿ ಕುತುಬ್ ಶಾನ ಕಾಲದಲ್ಲಿ, 1562ರ ಸುಮಾರಿಗೆ, ಹುಸೇನ್ ಸಾಗರ ಆಯಿತು. ಚಾರ್‌ಮಿನಾರ್‌ಗಿಂತ ಮೂರು ದಶಕ ಹಳೆಯ ಕೆರೆ ಅದು. ಊರಿಗಿಂತ ಕೆರೆ ಹಿರಿದು. ಅಮೀನ್‌ಪುರ ಕೆರೆಯೂ ಅದೇ ಅರಸನ ಕಾಲದ್ದು.

1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಊರನ್ನು ಕೊಚ್ಚಿದ ಮೇಲೆ ನಿಜಾಮ್ ಸರ್ಕಾರ ಕರೆಸಿಕೊಂಡದ್ದು ಸರ್ ಎಂ. ವಿಶ್ವೇಶ್ವರಯ್ಯನವರನ್ನು. 1909ರಲ್ಲಿ ಬಂದ ಅವರು ಊರಿನ ಮೇಲ್ಗಡೆ ನೆರೆ ತಡೆಯುವ ಜಲಾಶಯಗಳನ್ನು ಕಟ್ಟಬೇಕೆಂದು ಸೂಚಿಸಿದರು. ಅದರ ಫಲವಾಗಿ ಮೂಸಿಗೆ ಅಡ್ಡವಾಗಿ ಉಸ್ಮಾನ್ ಸಾಗರ 1920ರಲ್ಲೂ ಈಸಿ ನದಿಗೆ ಅಡ್ಡವಾಗಿ ಹಿಮಾಯತ್ ಸಾಗರ 1927ರಲ್ಲೂ ಮುಗಿದವು. ನೆರೆ ತಡೆಯುವುದಕ್ಕೂ ಕುಡಿಯುವ ನೀರಿಗೂ ಕಟ್ಟಿಸಿದ ಈ ಜಲಾಶಯಗಳ ಹಿನ್ನೀರು ಹರಡಿದ ತಗ್ಗುಗಳಲ್ಲಿ ನೀರುಹಕ್ಕಿಗಳ ಒಂದು ಲೋಕವೇ ನೆಲೆಯೂರಿತು. ವಾಯವ್ಯದಲ್ಲಿ ಸಂಗಾರೆಡ್ಡಿಯ ಬಳಿ ಮಂಜೀರಾ ನದಿಯ ಹಿನ್ನೀರು 1978ರಿಂದ ವನ್ಯಜೀವಿ ಧಾಮ. ಮೊಸಳೆಗಳಿಗೆ ಹೆಸರಾದ ಆ ಧಾಮದ ಜೊಂಡಿನಲ್ಲೂ ಗುಳುಮುಳುಕಗಳಿವೆ. ಹೈದರಾಬಾದಿನ ಮನೆಗಳಿಗೆ ನೀರು ಕೊಡುವ ಈ ಮಂಜೀರಾ ಬೀದರ್ ಜಿಲ್ಲೆಯನ್ನು ಹಾದೇ ತೆಲಂಗಾಣಕ್ಕೆ ಬರುವುದು.

ಈ ಭಾಗದ ಹಕ್ಕಿಗಳ ವ್ಯವಸ್ಥಿತ ದಾಖಲೆ ಶುರುವಾದದ್ದು ಸಲೀಂ ಅಲಿ 1931–32ರಲ್ಲಿ ಕೈಗೊಂಡ ಹೈದರಾಬಾದ್ ಸಂಸ್ಥಾನದ ಪಕ್ಷಿ ಸಮೀಕ್ಷೆಯಿಂದ. ಅದರ ವರದಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಕಂತುಗಳಾಗಿ ಬಂತು. ಅಂದಿನ ಸಂಸ್ಥಾನದಲ್ಲಿ ಬೀದರ್, ಗುಲ್ಬರ್ಗ, ರಾಯಚೂರು ಜಿಲ್ಲೆಗಳೂ ಇದ್ದವಾದ್ದರಿಂದ ಕಲ್ಯಾಣ ಕರ್ನಾಟಕದ ಪಕ್ಷಿ ಇತಿಹಾಸ ಬರೆಯುವವರಿಗೂ ಅದೇ ಮೊದಲ ಆಕರ. 1980ರಲ್ಲಿ ಹುಟ್ಟಿದ ಆಂಧ್ರಪ್ರದೇಶ ಪಕ್ಷಿವೀಕ್ಷಕರ ಸಂಘ ಈಗ ಡೆಕ್ಕನ್ ಬರ್ಡರ್ಸ್ ಎಂಬ ಹೆಸರಿನಲ್ಲಿ ಆ ಕೆಲಸವನ್ನು ಮುಂದುವರಿಸಿದೆ.

ದೊಡ್ಡ ಜಲಾಶಯಗಳ ಹೆಸರು ಹೇಳಿದರೂ ಗುಳುಮುಳುಕದ ನಿಜವಾದ ಮನೆ ಚಿಕ್ಕ ಕುಂಟೆಗಳೇ. ಗಚ್ಚಿಬೌಲಿಯ ಹೈದರಾಬಾದ್ ವಿಶ್ವವಿದ್ಯಾಲಯದ ಆವರಣದಲ್ಲಿ ಬಂಡೆಗಳ ನಡುವಿನ ಬಫೆಲೋ ಲೇಕ್, ಪಟಾನ್‌ಚೆರುವಿನ ಇಕ್ರಿಸ್ಯಾಟ್ ಕೃಷಿ ಸಂಶೋಧನಾ ಸಂಸ್ಥೆಯ ಹೊಲಗಳ ನಡುವಿನ ಕೆರೆಗಳು ಒಳ್ಳೆಯ ಉದಾಹರಣೆ. ಇಂಥ ಕಡೆ ಮೂರು ಅನುಕೂಲಗಳು ಒಟ್ಟಿಗೆ ಸಿಗುತ್ತವೆ. ಅಂಚಿನಲ್ಲಿ ಜೊಂಡು, ನಡುವೆ ತೆರೆದ ನೀರು, ನೀರಿನಡಿ ಹೈಡ್ರಿಲ್ಲಾದಂಥ ಪಾಚಿಗಿಡ. ಜೊಂಡು ಪೂರ್ತಿ ಮುಚ್ಚಿಕೊಂಡರೂ ಹಕ್ಕಿಗೆ ಆಗದು, ಪೂರ್ತಿ ಬೋಳಾದರೂ ಆಗದು. ಹಸುವಿನ ಹಿಂಡು ನೀರಿಗಿಳಿದು ಒಂದಿಷ್ಟು ಜೊಂಡು ತುಳಿದು ಹಾಕುವ ಹಳ್ಳಿಯ ಕೆರೆಯಲ್ಲಿ ಈ ಹದ ತಾನಾಗಿಯೇ ಉಳಿಯುತ್ತಿತ್ತು.

ಆಹಾರ

ನೀರುಹುಳುಗಳು, ಕೊಡತಿಹುಳುವಿನ ಮರಿಗಳು, ಜೀರುಂಡೆಗಳು, ಸಣ್ಣ ಸಿಗಡಿ, ಬಸವನಹುಳು, ಗೊದಮೊಟ್ಟೆ, ಬೆರಳುದ್ದದ ಮೀನು. ಸಣ್ಣದನ್ನು ನೀರೊಳಗೇ ನುಂಗುತ್ತದೆ; ದೊಡ್ಡದು ಸಿಕ್ಕರೆ ಮೇಲೆ ತಂದು, ಕೊಕ್ಕಿನಲ್ಲಿ ಜಾಡಿಸಿ, ತಲೆ ಮುಂದಾಗುವಂತೆ ತಿರುಗಿಸಿ ನುಂಗುತ್ತದೆ. ಮೀನೇ ಮುಖ್ಯ ಆಹಾರವಾದ ದೊಡ್ಡ ಗುಳುಮುಳುಕಗಳು ತಮ್ಮ ಗರಿಗಳನ್ನೇ ಕಿತ್ತು ನುಂಗಿ ಮುಳ್ಳುಗಳಿಂದ ಹೊಟ್ಟೆಯನ್ನು ಕಾಪಾಡಿಕೊಳ್ಳುತ್ತವೆಂದು ತಜ್ಞರ ಅಭಿಪ್ರಾಯ. ಹುಳುಹುಪ್ಪಟೆಯ ಮೇಲೆ ಹೆಚ್ಚು ಅವಲಂಬಿಸಿರುವ ಪುಟ್ಟ ಗುಳುಮುಳುಕದಲ್ಲಿ ಆ ಚಾಳಿ ಕಡಿಮೆ. ನಾಮದಕೋಳಿಗಳೋ ಬಾತುಗಳೋ ಮೇಯುತ್ತ ತಳ ಕದಡಿದಾಗ ಎದ್ದ ಹುಳುಗಳಿಗೆ ಇದು ಹಿಂದೆ ಹಿಂದೆಯೇ ಹೋಗಿ ಕಾಯುವುದುಂಟು.

ಗೂಡು ಮತ್ತು ಮರಿ

ಜೂನ್ ಮೊದಲ ಭಾಗದಲ್ಲಿ ಮೃಗಶಿರಾ ಮಳೆ ಹುಟ್ಟುವ ದಿನ ಹೈದರಾಬಾದಿನ ನಾಂಪಲ್ಲಿ ಮೈದಾನದಲ್ಲಿ ಉಬ್ಬಸದವರಿಗೆ ಜೀವಂತ ಕೊರಮೀನಿನ ಮರಿ ನುಂಗಿಸುವ ‘ಮೀನಿನ ಪ್ರಸಾದ’ದ ಜಾತ್ರೆ. ಊರಾಚೆಯ ಕುಂಟೆಗಳಲ್ಲಿ ಗುಳುಮುಳುಕದ ಸಂಸಾರಕ್ಕೂ ಹೆಚ್ಚುಕಡಿಮೆ ಅದೇ ಮುಹೂರ್ತ. ಕ್ಯಾಲೆಂಡರಿಗಿಂತ ನೀರಿನ ಮಟ್ಟವನ್ನು ನಂಬುವ ಹಕ್ಕಿಯಿದು. ಬತ್ತದ ನೀರಿದ್ದಲ್ಲಿ ಏಪ್ರಿಲಿನಲ್ಲೇ ಗೂಡು ಹೂಡುವುದುಂಟು, ಹಿಂಗಾರು ಒದಗಿದರೆ ಅಕ್ಟೋಬರಿನಲ್ಲೂ ಮೊಟ್ಟೆ ಸಿಗುವುದುಂಟು. ಅನುಕೂಲವಿದ್ದ ವರ್ಷ ಎರಡು ಸಲ ಮರಿ ಮಾಡುತ್ತದೆ.

ಆರಂಭ ಕೂಗಿನಿಂದ. ಗಂಡು ಹೆಣ್ಣು ಎದುರುಬದುರಾಗಿ ನಿಂತು, ಒಂದು ನಿಲ್ಲಿಸುವ ಮೊದಲೇ ಇನ್ನೊಂದು ಎತ್ತಿಕೊಳ್ಳುವಂತೆ ಕಿರಿರಿರಿ ಎಂದು ನಡುಗುವ ಸ್ವರದಲ್ಲಿ ಕೂಗುತ್ತವೆ. ರಾತ್ರಿಯಲ್ಲೂ ಕೇಳಿಸುವ ಈ ಕೂಗು ಹಕ್ಕಿಯ ಗಾತ್ರಕ್ಕೆ ಮೀರಿದ್ದು. ಜೊಂಡಿನ ಮರೆಯಲ್ಲಿ ಗುಳುಮುಳುಕವಿದೆಯೆಂದು ಬಹುಪಾಲು ನಮಗೆ ಗೊತ್ತಾಗುವುದು ಕಣ್ಣಿಗಿಂತ ಮೊದಲು ಕಿವಿಗೆ.

ಗೂಡೆಂದರೆ ಕೊಳೆತ ಪಾಚಿ, ಜೊಂಡಿನ ಎಲೆ, ನೀರುಗಿಡದ ದಂಟುಗಳ ಒದ್ದೆ ಗುಪ್ಪೆ. ತೇಲುತ್ತದೆ, ಆದರೆ ತೇಲಿ ಹೋಗದಂತೆ ನಾಲ್ಕಾರು ಜೊಂಡಿನ ಕಡ್ಡಿಗಳಿಗೆ ಹೆಣೆದುಕೊಂಡಿರುತ್ತದೆ. ಗುಪ್ಪೆಯ ಬಹುಭಾಗ ನೀರಿನಡಿಯೇ ಇದ್ದು ಮೇಲೆ ಕಾಣುವುದು ಸ್ವಲ್ಪ. ಮಳೆಗೆ ನೀರು ನಿಧಾನವಾಗಿ ಏರಿದರೆ ಗೂಡೂ ಏರುತ್ತದೆ. ಹಠಾತ್ತನೆ ನುಗ್ಗಿದರೆ ಮಾತ್ರ ಉಳಿಯದು. 2020ರ ಅಕ್ಟೋಬರಿನ ಮಹಾಮಳೆಗೆ ಪಲ್ಲೆ ಚೆರುವು, ಗುರ್ರಂ ಚೆರುವುಗಳ ಕಟ್ಟೆ ಒಡೆದು ಬಡಾವಣೆಗಳಿಗೇ ನೀರು ನುಗ್ಗಿದಂಥ ಹೊತ್ತಿನಲ್ಲಿ ಜೊಂಡಿಗೆ ಕಟ್ಟಿದ ಗುಪ್ಪೆಯ ಪಾಡು ಹೇಳಬೇಕಿಲ್ಲ.

ಮೊಟ್ಟೆ ಮೂರರಿಂದ ಐದು. ಉದ್ದ ಸುಮಾರು ಮೂರೂವರೆ ಸೆಂ.ಮೀ. ಇಟ್ಟ ದಿನ ಸುಣ್ಣದ ಬಿಳಿ. ಒದ್ದೆ ಪಾಚಿಯ ಕರೆ ಹತ್ತಿ ದಿನದಿಂದ ದಿನಕ್ಕೆ ಕಂದಾಗುತ್ತ ಕೊನೆಗೆ ಗೂಡಿನ ಬಣ್ಣಕ್ಕೇ ತಿರುಗುತ್ತದೆ. ಹಾಗಾಗಿ ಬಣ್ಣ ನೋಡಿಯೇ ಯಾವುದು ಮೊದಲು ಇಟ್ಟದ್ದು, ಯಾವುದು ಹೊಸದು ಎಂದು ಅಂದಾಜಿಸಬಹುದು.

ಕಾವಿನ ಹಕ್ಕಿ ಗೂಡು ಬಿಡುವ ಗಳಿಗೆಯನ್ನು ದೂರದಿಂದ ದುರ್ಬೀನಿನಲ್ಲಿ ನೋಡಬೇಕು. ಏರಿಯ ಮೇಲೆ ಯಾರೋ ನಡೆದು ಬರುತ್ತಾರೆ, ಇಲ್ಲವೇ ಹದ್ದಿನ ನೆರಳು ಹಾಯುತ್ತದೆ. ಹಕ್ಕಿ ಎದ್ದು ನಿಲ್ಲುತ್ತದೆ, ಓಡುವುದಿಲ್ಲ. ಗೂಡಿನ ಅಂಚಿನ ಪಾಚಿಯನ್ನು ಕೊಕ್ಕಿನಿಂದ ಸರಸರನೆ ಒಳಕ್ಕೆ ಎಳೆದು ಮೊಟ್ಟೆಗಳ ಮೇಲೆ ಹಾಕುತ್ತದೆ. ಎಡಕ್ಕೊಂದು, ಬಲಕ್ಕೊಂದು, ಮತ್ತೆರಡು. ಮೊಟ್ಟೆಗಳೆಲ್ಲ ಮುಚ್ಚಿದ ಮೇಲೆ ಸದ್ದಿಲ್ಲದೆ ನೀರಿಗೆ ಜಾರಿ ಮುಳುಗಿ, ದೂರದಲ್ಲೆಲ್ಲೋ ಏನೂ ಆಗದವರಂತೆ ಏಳುತ್ತದೆ. ಉಳಿದದ್ದು ಕೊಳೆತ ಕಸದ ಒಂದು ಗುಡ್ಡೆ. ಕಾಗೆಯ ಕಣ್ಣಿಗೂ ಅದು ಗೂಡೆಂದು ಹೊಳೆಯುವುದು ಕಷ್ಟ. ತೀರಾ ಗಾಬರಿಯಾದಾಗ ಮಾತ್ರ ಮುಚ್ಚುವಷ್ಟು ವ್ಯವಧಾನವಿರದೆ ಮೊಟ್ಟೆಗಳು ಬಯಲಿಗೆ ಬೀಳುತ್ತವೆ. ಕುತೂಹಲದಿಂದ ಗೂಡಿನ ಹತ್ತಿರ ಹೋಗುವ ಫೋಟೊಗ್ರಾಫರುಗಳು ಇದನ್ನು ತಿಳಿದಿದ್ದರೆ ಒಳ್ಳೆಯದು.

ಗಂಡು ಹೆಣ್ಣು ಸರದಿಯಂತೆ ಮೂರು ವಾರ ಕಾವು ಕೊಡುತ್ತವೆ. ಮೊಟ್ಟೆಯೊಡೆದ ಮರಿಯ ಮೈಮೇಲೆ ಕಪ್ಪು ಬಿಳಿ ಪಟ್ಟೆಗಳು. ಹುಟ್ಟಿದ ದಿನವೇ ಈಜು ಬರುತ್ತದೆ, ಆದರೆ ಬೇಗ ಚಳಿ ಹಿಡಿಯುತ್ತದೆ. ಆದ್ದರಿಂದ ಮೊದಲ ದಿನಗಳಲ್ಲಿ ಮರಿಗಳು ತಾಯಿಯದೋ ತಂದೆಯದೋ ಬೆನ್ನೇರಿ, ರೆಕ್ಕೆಯಡಿ ಹುದುಗಿ, ತಲೆಯಷ್ಟೇ ಹೊರಗಿಟ್ಟು ಸವಾರಿ ಮಾಡುತ್ತವೆ. ಅಪಾಯ ಕಂಡರೆ ದೊಡ್ಡದು ಮರಿಗಳ ಸಮೇತ ಮುಳುಗುವುದೂ ಉಂಟು. ಹಿಡಿತ ತಪ್ಪಿದ ಮರಿ ಪಕ್ಕದಲ್ಲೇ ಪುಟಿದು ಮೇಲೆ ಬರುತ್ತದೆ. ಆರೇಳು ವಾರಕ್ಕೆ ಹಾರುವಷ್ಟು ಬೆಳೆಯುತ್ತವೆ. ನೀರುಹಾವು, ಹದ್ದು, ಗಿಡುಗ, ದೊಡ್ಡ ಮೀನುಗಳಿಂದ ತಪ್ಪಿಸಿಕೊಂಡು ಅಷ್ಟು ದಿನ ದಾಟುವ ಮರಿಗಳು ಕಡಿಮೆ.

ಬೇಸಿಗೆಯ ಪಯಣ

ಕುಂಟೆ ಒಣಗಿದಾಗ ಗುಳುಮುಳುಕಗಳು ಮಾಯವಾಗುತ್ತವೆ. ಅವು ಹೋಗುವುದನ್ನು ನೋಡಿದವರು ವಿರಳ. ಏಕೆಂದರೆ ದೂರದ ಹಾರಾಟವೆಲ್ಲ ರಾತ್ರಿಯಲ್ಲೇ. ಬತ್ತದ ಜಲಾಶಯಗಳಲ್ಲಿ ಆಗ ಹತ್ತಾರು ಹಕ್ಕಿಗಳು ಒಟ್ಟಾಗಿ ತೇಲುವುದನ್ನು ಕಾಣಬಹುದು, ಮರಿ ಮಾಡುವ ಕಾಲದ ಜಗಳವೆಲ್ಲ ಮರೆತು. ಗರಿ ಉದುರಿಸುವ ಸಮಯದಲ್ಲಿ ಹಾರುಗರಿಗಳೆಲ್ಲ ಒಟ್ಟಿಗೇ ಬಿದ್ದು ಕೆಲವು ವಾರ ಹಾರಲಾಗದ ಸ್ಥಿತಿಯೂ ಇರುವುದರಿಂದ ಆ ಹೊತ್ತಿಗೆ ಭದ್ರವಾದ, ದೊಡ್ಡ ನೀರು ಬೇಕೇ ಬೇಕು. ರಾತ್ರಿ ಹಾರುವಾಗ ಹೊಳೆಯುವ ರಸ್ತೆಯನ್ನು ನೀರೆಂದು ಬಗೆದು ಇಳಿಯುವ ಅನಾಹುತ ಈ ಕುಟುಂಬದ ಹಕ್ಕಿಗಳಿಗೆ ಜಗತ್ತಿನ ಹಲವೆಡೆ ಆಗಿದೆ. ಹಾಗೆ ಬಿದ್ದ ಹಕ್ಕಿ ಗಾಯಗೊಳ್ಳದಿದ್ದರೂ ತಾನಾಗಿ ಏಳಲಾರದು. ಅಂಥದ್ದು ಸಿಕ್ಕರೆ ಬಟ್ಟೆಯಲ್ಲಿ ಸುತ್ತಿ ಹತ್ತಿರದ ಕೆರೆಗೆ ಬಿಡುವುದೇ ಪರಿಹಾರ.

ಕೆರೆ ಉಳಿದರೂ ಹಕ್ಕಿ ಉಳಿಯದ ಬಗೆ

ಜಾಗತಿಕ ಪಟ್ಟಿಯಲ್ಲಿ ಗುಳುಮುಳುಕಕ್ಕೆ ಸದ್ಯ ಆತಂಕವಿಲ್ಲ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬೇಟೆ ನಿಷೇಧ. ಹಾಗೆಂದು ನಿಶ್ಚಿಂತೆಯಿಂದ ಇರುವಂತಿಲ್ಲವೆನ್ನುವುದಕ್ಕೆ ಮಡಗಾಸ್ಕರದ ಅಲವೋತ್ರ ಸರೋವರದ ಕಥೆ ಸಾಕ್ಷಿ. ಇದೇ ಟ್ಯಾಕಿಬ್ಯಾಪ್ಟಸ್ ಕುಲದ ಅಲ್ಲಿನ ಗುಳುಮುಳುಕ ಕೊನೆಯದಾಗಿ ಖಚಿತವಾಗಿ ಕಂಡದ್ದು 1980ರ ದಶಕದಲ್ಲಿ; 2010ರಲ್ಲಿ ಅದು ಅಳಿದಿದೆಯೆಂದು ಘೋಷಿಸಲಾಯಿತು. ಹೊರಗಿನಿಂದ ತಂದು ಬಿಟ್ಟ ಮಾಂಸಾಹಾರಿ ಮೀನು, ನೈಲಾನ್ ಬಲೆ, ಜೊತೆಗೆ ನಮ್ಮ ಈ ಪುಟ್ಟ ಗುಳುಮುಳುಕದೊಂದಿಗೇ ಆದ ಬೆರಕೆ ಅದರ ಅಳಿವಿಗೆ ಕಾರಣವಾದವು. ನೈಲಾನ್ ಬಲೆ ಹೈದರಾಬಾದಿನ ಕೆರೆಗಳಲ್ಲೂ ಇದೆ. ಇರುಳು ಬಿಟ್ಟ ಬಲೆಗೆ ಕುತ್ತಿಗೆ ಸಿಕ್ಕಿಸಿಕೊಂಡ ಮುಳುಗುಹಕ್ಕಿ ಉಸಿರಿಗೆ ಮೇಲೇಳಲಾರದು.

ಹೈದರಾಬಾದಿನ ಕೆರೆಗಳ ಒತ್ತುವರಿ ಎಲ್ಲರಿಗೂ ಗೊತ್ತಿರುವ ವಿಷಯ. ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳ ಸುತ್ತ ಹತ್ತು ಕಿಲೋಮೀಟರಿನಲ್ಲಿ ಕಟ್ಟಡಗಳಿಗೆ ಲಗಾಮು ಹಾಕಿದ 1996ರ 111ನೇ ಸರ್ಕಾರಿ ಆದೇಶದ ನಿರ್ಬಂಧಗಳನ್ನು 2022ರಲ್ಲಿ ತೆಗೆಯಲಾಯಿತು. ಕೆರೆಯಂಗಳದ ಅಕ್ರಮ ಕಟ್ಟಡ ಒಡೆಯಲು 2024ರ ಜುಲೈನಲ್ಲಿ ಹೈಡ್ರಾ ಎಂಬ ಸಂಸ್ಥೆ ಬಂತು. ಪಟಾನ್‌ಚೆರುವಿನ ಔಷಧ ಕಾರ್ಖಾನೆಗಳ ತ್ಯಾಜ್ಯ ಸಂಸ್ಕರಣಾ ಘಟಕದಿಂದ ಹೊರಬಿಟ್ಟ ನೀರಿನಲ್ಲಿ ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲೊಕ್ಸಾಸಿನ್ ಎಂಬ ಆಂಟಿಬಯೋಟಿಕ್ ಇದ್ದದ್ದನ್ನು ಸ್ವೀಡನ್ನಿನ ಸಂಶೋಧಕರು 2007ರಲ್ಲಿ ಪ್ರಕಟಿಸಿದಾಗ ಜಗತ್ತೇ ಬೆಚ್ಚಿತ್ತು. ಚರಂಡಿಯ ಗೊಬ್ಬರ ತಿಂದು ಕೊಬ್ಬುವ ಅಂತರಗಂಗೆ, ಅಂದರೆ ತೆಲುಗರ ಗುರ್ರಪು ಡೆಕ್ಕ, ಕೆರೆಯ ಮೇಲ್ಮೈಯನ್ನೇ ಮುಚ್ಚಿದರೆ ಮುಳುಗಲು ಕಿಂಡಿಯೇ ಇರುವುದಿಲ್ಲ.

ಇವೆಲ್ಲ ಮತ್ತೆ ಮತ್ತೆ ಚರ್ಚೆಗೆ ಬರುವ ಅಪಾಯಗಳು. ಅಷ್ಟಾಗಿ ಚರ್ಚೆಗೆ ಬಾರದ ಇನ್ನೊಂದಿದೆ, ಅದು ಕೆರೆಯ ಸುಂದರೀಕರಣ. ಹೂಳೆತ್ತಿ, ಅಂಚಿನ ಜೊಂಡನ್ನು ಬೇರುಸಹಿತ ಕಿತ್ತು, ಸುತ್ತ ಕಲ್ಲು ಹೊದಿಸಿ, ನಡಿಗೆಪಥ ಮಾಡಿ, ಬಣ್ಣದ ದೀಪ ಹಚ್ಚಿದ ಕೆರೆ ನೋಡಲು ಚೆಂದ. ಕಾಗದದ ಮೇಲೆ ಅದು ‘ಪುನರುಜ್ಜೀವನಗೊಂಡ’ ಕೆರೆ. ಆದರೆ ದಡದಿಂದಲೇ ಕಡಿದಾಗಿ ಆಳ ಶುರುವಾಗುವ ಅಂಥ ಕೆರೆಯಲ್ಲಿ ಗೂಡು ಕಟ್ಟಿಕೊಳ್ಳಲು ಒಂದು ಕಡ್ಡಿಯಿಲ್ಲ, ಹುಳು ಬೆಳೆಯಲು ತಗ್ಗು ನೀರಿಲ್ಲ, ಮರಿ ಬಚ್ಚಿಡಲು ಮರೆಯಿಲ್ಲ. 2020ರಿಂದ ಕೇಬಲ್ ಸೇತುವೆ ಹೊತ್ತ ದುರ್ಗಂ ಚೆರುವಿಗೂ, ಬುದ್ಧನ ಏಕಶಿಲಾ ಮೂರ್ತಿ ನಿಂತ ಹುಸೇನ್ ಸಾಗರಕ್ಕೂ ಸಂಜೆಯಾದರೆ ಜನವೋ ಜನ. ಆದರೆ ಗುಳುಮುಳುಕದ ಸಂಸಾರಕ್ಕೆ ಊರಾಚೆಯ, ಹೆಸರಿಲ್ಲದ, ಜೊಂಡು ಬೆಳೆದ ಕುಂಟೆಯೇ ಮೇಲು. ತೆಲಂಗಾಣ ಸರ್ಕಾರ 2015ರಲ್ಲಿ ಆರಂಭಿಸಿದ ಮಿಷನ್ ಕಾಕತೀಯ ಯೋಜನೆ ಸುಮಾರು 46 ಸಾವಿರ ಕೆರೆಗಳ ಹೂಳೆತ್ತುವ ಗುರಿ ಇಟ್ಟುಕೊಂಡಿತ್ತು. ರೈತರಿಗೆ ಅದು ಬೇಕಾಗಿತ್ತು, ಅನುಮಾನವಿಲ್ಲ. ಹೂಳೆತ್ತುವಾಗ ಒಂದು ಮೂಲೆಯ ಇಳಿಜಾರನ್ನೂ ಜೊಂಡನ್ನೂ ಹಾಗೇ ಬಿಟ್ಟರೆ ಖರ್ಚೇನೂ ಹೆಚ್ಚುವುದಿಲ್ಲ. 2016ರ ನವೆಂಬರಿನಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಣೆಯಾದ ಅಮೀನ್‌ಪುರ ಕೆರೆಗೆ ಆ ಮನ್ನಣೆ ದೊರೆತದ್ದು ಅಲ್ಲಿನ ಹಕ್ಕಿಗಳಿಂದ, ಅಲಂಕಾರದಿಂದಲ್ಲ. ನಗರ ಪ್ರದೇಶದ ಜಲಕಾಯವೊಂದಕ್ಕೆ ದೇಶದಲ್ಲಿ ಅಂಥ ಸ್ಥಾನ ಸಿಕ್ಕಿದ್ದು ಅದೇ ಮೊದಲು.

ನೋಡುವವರಿಗೆ

ಕೆಂಗತ್ತಿನ ಬಣ್ಣ, ಕೂಗು, ಬೆನ್ನೇರಿದ ಮರಿಗಳನ್ನು ನೋಡಬೇಕಾದರೆ ಜುಲೈಯಿಂದ ಸೆಪ್ಟೆಂಬರ್ ಸೂಕ್ತ. ಗುಂಪುಗಳನ್ನು ನೋಡಲು ಡಿಸೆಂಬರಿನಿಂದ ಮಾರ್ಚ್. ಜನವರಿಯಲ್ಲಿ ನಡೆಯುವ ಏಷ್ಯಾ ಜಲಪಕ್ಷಿ ಗಣತಿಯಲ್ಲಿ ಆಸಕ್ತರು ಭಾಗವಹಿಸಬಹುದು. ಎಣಿಸುವಾಗ ಒಂದು ಎಚ್ಚರ ಬೇಕು: ಕೆಲವು ಹಕ್ಕಿಗಳು ಯಾವಾಗಲೂ ನೀರೊಳಗಿರುತ್ತವೆ, ಮುಳುಗಿದ್ದು ಮುಳುಗಿದಲ್ಲೇ ಏಳುವುದಿಲ್ಲ. ಒಂದೇ ಜಾಗವನ್ನು ಅರ್ಧ ನಿಮಿಷಕ್ಕೂ ಹೆಚ್ಚು ಹೊತ್ತು ನೋಡಿ, ಎರಡು ಮೂರು ಬಾರಿ ಎಣಿಸಿ, ದೊಡ್ಡ ಸಂಖ್ಯೆಯನ್ನು ಬರೆದುಕೊಳ್ಳುವುದು ಅನುಭವಿಗಳ ಪದ್ಧತಿ. ಹೈದರಾಬಾದಿಗೆ ಹೋಗಲಾಗದ ಕನ್ನಡಿಗರಿಗೆ ಬೀದರಿನ ಕಾರಂಜಾ ಹಿನ್ನೀರು, ಕಲಬುರಗಿಯ ಅಪ್ಪನ ಕೆರೆ, ಅಥವಾ ತಮ್ಮೂರಿನ ಜೊಂಡಿರುವ ಯಾವುದೇ ಕೆರೆಯಲ್ಲಿ ಇದೇ ಹಕ್ಕಿ ಸಿಗುತ್ತದೆ.